ಬೆನ್ನು ನೋಡುವವರು

ಮನುಷ್ಯನ ಶರೀರದಲ್ಲಿ ಅವನಿಗೇ ಪರಿಚಯವಿಲ್ಲದ ಭಾಗ ಅಂದರೆ ಬೆನ್ನು. ಮುಖವನ್ನು ದಿನಕ್ಕೆ ಹತ್ತು ಸಲ ಕನ್ನಡಿಯಲ್ಲಿ ನೋಡಿಕೊಳ್ಳುತ್ತೇವೆ. ಡೊಂಬಿವಲಿ ಸ್ಟೇಷನ್ನಿನಲ್ಲಿ ಗಾಡಿ ಹೊರಡುವ ಹೊತ್ತಿನಲ್ಲೂ ಮೊಬೈಲಿನ ಗಾಜಿನಲ್ಲಿ ಕ್ರಾಪು ತಿದ್ದಿಕೊಳ್ಳುವವರನ್ನು ಕಂಡಿದ್ದೇನೆ. ಬೆನ್ನಿಗೆ ಆ ಭಾಗ್ಯವಿಲ್ಲ. ಲೋಕಲ್ ಗಾಡಿಯಲ್ಲಿ ಅದು ಪರರ ಮೊಣಕೈಗೆ ಮೀಸಲು, ಮನೆಯಲ್ಲಿ ಕುರ್ಚಿಗೆ ಮೀಸಲು. ಅದರ ಮೇಲೆ ಮಚ್ಚೆ ಒಂದಿದೆಯೋ ಎರಡಿವೆಯೋ ನಮ್ಮ ತಾಯಿಗೆ ಗೊತ್ತು, ನಮಗೆ ಗೊತ್ತಿಲ್ಲ.

ಈ ಬೆನ್ನಿನಲ್ಲಿ ನಮಗಿಂತ ಹೆಚ್ಚು ಆಸಕ್ತಿ ಇರುವ ಪ್ರಾಣಿಯೊಂದಿದೆ. ಅದೇ ಉಣುಗು. ಕೆಲವು ಕಡೆ ಉಣ್ಣೆ ಅನ್ನುತ್ತಾರೆ, ಕೆಲವು ಕಡೆ ಉಣ್ಣಿ. ನಮ್ಮ ಅಕ್ಕಪಕ್ಕದ ಮರಾಠಿ ಜನ ಗೋಚೀಡ ಅನ್ನುತ್ತಾರೆ. ಕನ್ನಡದ ಹೆಸರು ಕೇಳಿದರೇ ಯಾರೋ ಊಟಕ್ಕೆ ಕೂತ ಹಾಗೆ ಅನ್ನಿಸುತ್ತದೆ. ಕೂತದ್ದು ನಿಜ, ಎಲೆ ಮಾತ್ರ ನಮ್ಮದೇ ಚರ್ಮ.

ಡೊಂಬಿವಲಿ, ಕಲ್ಯಾಣದ ಹುಡುಗರಿಗೆ ಉಣುಗು ಅಂದರೆ ಬೀದಿನಾಯಿಯ ಕಿವಿಯೊಳಗೆ ಬೂದು ಬಣ್ಣದ ಕಾಳಿನ ಹಾಗೆ ಅಂಟಿಕೊಂಡಿರುವುದು, ಅಥವಾ ತಬೇಲಾದ ಎಮ್ಮೆಯ ಕೆಚ್ಚಲಿನ ಹತ್ತಿರ ಕಾಣುವುದು. ಅದು ನಾಯಿಯ ಪಾಡು, ಎಮ್ಮೆಯ ಪಾಡು. ನಮಗೇನು ಬಂತು ಎಂದು ನಾವು ಮುಂದೆ ಹೋಗುತ್ತೇವೆ. ಆದರೆ ನಮ್ಮಂಥವರೇ ಭಾನುವಾರ ಬಂತೆಂದರೆ ಯೇವೂರಿನ ಕಾಡು, ಮಲಂಗಗಡ, ಖಾರಘರದ ಗುಡ್ಡ, ಪನವೇಲಿನಾಚೆಯ ಕರ್ನಾಳ ಎಂದು ಹೊರಡುತ್ತೇವೆ. ಚಡ್ಡಿ ಹಾಕಿಕೊಂಡು ಸೊಂಟದೆತ್ತರದ ಹುಲ್ಲಿನಲ್ಲಿ ನುಗ್ಗುತ್ತೇವೆ. ದಣಿವಾದರೆ ಒಣಗೆಲೆಯ ಮೇಲೆ ಹಾಯಾಗಿ ಬೆನ್ನು ಚಾಚುತ್ತೇವೆ. ಉಣುಗಿನ ಕಡೆಯಿಂದ ನೋಡಿದರೆ ಇದು ಮನೆಬಾಗಿಲಿಗೆ ಬಂದ ಊಟದ ಡಬ್ಬಿ.

ಉಣುಗಿನ ಸ್ವಭಾವ ತಿಳಿದರೆ ಅರ್ಧ ಭಯ ಕಡಿಮೆಯಾಗುತ್ತದೆ. ಅದಕ್ಕೆ ರೆಕ್ಕೆಯಿಲ್ಲ. ಚಿಗಟದ ಹಾಗೆ ನೆಗೆಯಲೂ ಬರುವುದಿಲ್ಲ. ಮರದ ಮೇಲಿಂದ ತಲೆಗೆ ಧುಮುಕುತ್ತದೆ ಎಂಬುದು ಬರಿಯ ಕಲ್ಪನೆ. ಸರಿಯಾಗಿ ನೋಡಿದರೆ ಅದು ಕೀಟವೂ ಅಲ್ಲ, ಜೇಡ-ಚೇಳುಗಳ ದಾಯಾದಿ. ಮೊಟ್ಟೆಯೊಡೆದು ಬಂದಾಗ ಮರಿಗೆ ಆರು ಕಾಲು, ಮುಂದೆ ಎಂಟು. ಅದರ ವಿದ್ಯೆಯೆಲ್ಲ ಕಾಯುವುದರಲ್ಲಿದೆ. ಹುಲ್ಲಿನ ತುದಿಗೋ ಪೊದೆಯ ಎಲೆಗೋ ಹತ್ತಿ, ಹಿಂಗಾಲಿನಿಂದ ಹಿಡಿದು, ಮುಂಗಾಲು ಎರಡನ್ನೂ ಗಾಳಿಗೆ ಚಾಚಿ ಕೂರುತ್ತದೆ. ಆ ಮುಂಗಾಲಿನಲ್ಲೇ ಅದರ ಮೂಗು. ನಮ್ಮ ಉಸಿರು, ಮೈಯ ಬಿಸಿ, ಬೆವರಿನ ವಾಸನೆ ಅಲ್ಲಿಗೆ ತಾಕುತ್ತದೆ. ಪ್ಯಾಂಟಿನ ಅಂಚು ಉಜ್ಜಿಕೊಂಡು ಹೋದ ಕ್ಷಣದಲ್ಲಿ ಹತ್ತಿಬಿಡುತ್ತದೆ. ಆಮೇಲೂ ಅದಕ್ಕೆ ಅವಸರವಿಲ್ಲ. ಮೆಲ್ಲಗೆ ಮೇಲೇರಿ ಬೆಚ್ಚಗಿನ, ತೆಳುಚರ್ಮದ, ಯಾರೂ ನೋಡದ ಜಾಗವನ್ನು ಹುಡುಕುತ್ತದೆ: ಮೊಣಕಾಲಿನ ಹಿಂಭಾಗ, ತೊಡೆಯ ಸಂದು, ಸೊಂಟದ ಪಟ್ಟಿಯ ಕೆಳಗೆ, ಕಂಕುಳು, ಕಿವಿಯ ಹಿಂದೆ, ಕತ್ತಿನ ಕೂದಲಂಚು. ಕಚ್ಚುವಾಗ ಜೊಲ್ಲಿನಲ್ಲಿ ಜಾಗ ಮರಗಟ್ಟಿಸುವ ಮದ್ದನ್ನೂ ಬಿಡುತ್ತದೆ. ಸೊಳ್ಳೆ ಕಚ್ಚಿದರೆ ನಮ್ಮ ಕೈ ತಾನೇ ಅಲ್ಲಿಗೆ ಹೋಗುತ್ತದೆ. ಉಣುಗು ಕಚ್ಚಿದರೆ ಕೈಗೆ ವರ್ತಮಾನವೇ ಮುಟ್ಟುವುದಿಲ್ಲ.

ಇಷ್ಟು ಚಿಕ್ಕ ಪ್ರಾಣಿಗೆ ಇಷ್ಟು ದೊಡ್ಡ ಪೀಠಿಕೆ ಯಾಕೆ ಅಂತ ಕೇಳಬಹುದು. ನಮ್ಮ ಮನೆಯವರು ಸಾಗರ ತಾಲೂಕಿನವರು. ನಾನು ಹುಟ್ಟಿ ಬೆಳೆದದ್ದು ಡೊಂಬಿವಲಿಯಲ್ಲೇ ಆದರೂ ರಜೆ ಬಂದರೆ ಕೊಂಕಣ ರೈಲು ಹತ್ತಿ, ಕುಮಟಾದಲ್ಲಿ ಇಳಿದು, ಗೇರುಸೊಪ್ಪೆ ಘಟ್ಟ ಏರಿ ದೊಡ್ಡಮ್ಮನ ಮನೆ ಸೇರುವುದು ರೂಢಿ. ಆ ಸೀಮೆಯಲ್ಲಿ ಉಣುಗು ನಾಯಿಯ ಸಮಾಚಾರವಲ್ಲ, ಜೀವದ ಸಮಾಚಾರ.

ಪಕ್ಕದ ಸೊರಬ ತಾಲೂಕಿನಲ್ಲಿ ಕ್ಯಾಸನೂರು ಎಂಬ ಊರಿದೆ. 1957ರಲ್ಲಿ ಆ ಕಾಡಿನಲ್ಲಿ ಮಂಗಗಳೂ ಮುಸಿಯಗಳೂ ಸಾಲಾಗಿ ಸತ್ತು ಬಿದ್ದವು. ಅದೇ ಹೊತ್ತಿಗೆ ಸುತ್ತಲಿನ ಹಳ್ಳಿಗಳಲ್ಲಿ ಕಾಡಿಗೆ ಹೋಗಿ ಬಂದವರು ಜ್ವರ ಹಿಡಿದು ಮಲಗಿದರು. ಮಂಗ ಸಾಯುವುದು, ಹಿಂದೆಯೇ ಮನುಷ್ಯ ಸಾಯುವುದು ದಕ್ಷಿಣ ಅಮೆರಿಕದ ಹಳದಿ ಜ್ವರದ ಲಕ್ಷಣ. ಅದೇ ನಮ್ಮ ದೇಶಕ್ಕೂ ಕಾಲಿಟ್ಟಿತೇ ಎಂದು ಗಾಬರಿಯಾಗಿ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಓಡಿ ಬಂದರು. ಆಗ ಟೆಲ್ಫರ್ಡ್ ವರ್ಕ್ ಎಂಬವರು ಅದರ ಮುಖ್ಯಸ್ಥರು. ಪರೀಕ್ಷೆ ಮಾಡಿ ನೋಡಿದರೆ ಹಳದಿ ಜ್ವರವಲ್ಲ. ಜಗತ್ತಿಗೇ ಹೊಸದಾದ ವೈರಸ್ಸು. ಅದರ ಹತ್ತಿರದ ಬಂಧು ಸಿಕ್ಕಿದ್ದು ಎಲ್ಲೋ ರಷ್ಯದ ಕಾಡಿನಲ್ಲಿ. ಹೊತ್ತು ತರುವವನು ಕಾಡಿನ ಉಣುಗು. ಕಾಯಿಲೆಗೆ ಆ ಕಾಡಿನ ಹೆಸರೇ ನಿಂತಿತು: ಕ್ಯಾಸನೂರು ಕಾಡಿನ ಕಾಯಿಲೆ. ಜನ ಇಟ್ಟ ಹೆಸರು ಮಂಗನ ಕಾಯಿಲೆ.

ಇದರಲ್ಲಿ ನಮ್ಮ ಮುಂಬಯಿಗೂ ಒಂದು ಪಾಲು ಉಂಟು. ರಷ್ಯದ ವೈರಸ್ಸಿನ ಬಂಧು ಶಿವಮೊಗ್ಗದ ಕಾಡಿಗೆ ಹೇಗೆ ಬಂತು? ಚಳಿಗಾಲಕ್ಕೆ ಉತ್ತರದಿಂದ ಬರುವ ಹಕ್ಕಿಗಳು ಉಣುಗನ್ನು ಹೊತ್ತು ತಂದಿರಬಹುದೇ? ಈ ಅನುಮಾನದಿಂದಲೇ ವಿಶ್ವ ಆರೋಗ್ಯ ಸಂಸ್ಥೆ ಹಣ ಕೊಟ್ಟು, ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸಲೀಂ ಅಲಿಯವರ ಮುಂದಾಳ್ತನದಲ್ಲಿ 1959ರ ಸುಮಾರಿಗೆ ಹಕ್ಕಿಗಳಿಗೆ ಉಂಗುರ ತೊಡಿಸುವ ದೊಡ್ಡ ಕೆಲಸ ಶುರುವಾಯಿತು. ಹಕ್ಕಿಗಳೇ ಕಾಯಿಲೆ ತಂದವೆಂಬುದು ರುಜುವಾತಾಗಲಿಲ್ಲ. ಆದರೆ ವಲಸೆ ಹಕ್ಕಿಗಳ ದಾರಿ ಬಹಳಷ್ಟು ತಿಳಿಯಿತು. ಇಂದು ನಾವು ಠಾಣೆ ಖಾಡಿಯಲ್ಲಿ ರಾಜಹಂಸ ನೋಡಿ ಖುಷಿಪಡುತ್ತೇವಲ್ಲ, ಹಕ್ಕಿಗಳ ಆ ವಿದ್ಯೆಯ ಹಿಂದೆ ಒಂದು ಉಣುಗೂ ಕೂತಿದೆ.

ಮಂಗನ ಕಾಯಿಲೆ ಎಂಬ ಹೆಸರು ಮಂಗನಿಗೆ ಮಾಡಿದ ಅನ್ಯಾಯ ಅಂತ ನನಗನ್ನಿಸುತ್ತದೆ. ಮಂಗ ಕಾಯಿಲೆ ಹುಟ್ಟಿಸಿದ್ದಲ್ಲ. ನಮಗಿಂತ ಮೊದಲು ಕಾಯಿಲೆಗೆ ಸಿಕ್ಕಿದ್ದು. ವೈರಸ್ಸು ಉಣುಗಿನಲ್ಲೂ, ಇಲಿ-ಸುಂಡಿಲಿಗಳಂಥ ಸಣ್ಣ ಪ್ರಾಣಿಗಳಲ್ಲೂ ಇರುತ್ತದೆ. ಮಂಗ ಸತ್ತಾಗ ಅದರ ಮೈ ತಣ್ಣಗಾಗುತ್ತದೆ. ಮೈಮೇಲಿನ ಉಣುಗುಗಳು ಕೆಳಗಿಳಿದು ಸುತ್ತಲ ನೆಲದಲ್ಲಿ ಹರಡುತ್ತವೆ. ಆದ್ದರಿಂದ ಸತ್ತ ಮಂಗ ಕಂಡರೆ ಹತ್ತಿರ ಹೋಗಬಾರದು, ಮುಟ್ಟಬಾರದು, ಆರೋಗ್ಯ ಕೇಂದ್ರಕ್ಕೆ ಹೇಳಿ ಕಳಿಸಬೇಕು. ಅವರು ಬಂದು ಸುತ್ತ 50 ಅಡಿ ಮೆಲಾಥಿಯಾನ್ ಪುಡಿ ಹೊಡೆಯುತ್ತಾರೆ. ಕಾಯಿಲೆ ಮನುಷ್ಯನಿಂದ ಮನುಷ್ಯನಿಗೆ ಅಂಟುವುದಿಲ್ಲ. ರೋಗಿಯ ಪಕ್ಕ ಕೂತು ಗಂಜಿ ಕುಡಿಸುವವರು ಹೆದರಬೇಕಾಗಿಲ್ಲ.

ಕಚ್ಚಿದ ಮೂರರಿಂದ ಎಂಟು ದಿನದೊಳಗೆ ಜ್ವರ ಬರುತ್ತದೆ. ಮೆಲ್ಲಗಲ್ಲ, ಒಮ್ಮೆಲೇ. ಹಣೆ ಸಿಡಿಯುವ ತಲೆನೋವು, ಸೊಂಟ-ಮೀನಖಂಡ ಕಿತ್ತು ತೆಗೆದಂಥ ನೋವು, ವಾಂತಿ. ಕೆಲವರಿಗೆ ಮೂಗು, ಒಸಡಿನಿಂದ ರಕ್ತ. ಹೆಚ್ಚಿನವರು ಗುಣವಾಗುತ್ತಾರೆ. ನೂರಕ್ಕೆ ಮೂರರಿಂದ ಐದು ಜನ ಉಳಿಯುವುದಿಲ್ಲ. ಇದಕ್ಕೆಂದೇ ಇರುವ ಔಷಧಿ ಇಲ್ಲ. ಬೇಗ ಆಸ್ಪತ್ರೆ ಸೇರಿ ಮೈಯ ನೀರು, ರಕ್ತ ನೋಡಿಕೊಳ್ಳುವುದೇ ಉಪಚಾರ. 1990ರಿಂದ ಒಂದು ಲಸಿಕೆ ಕೊಡುತ್ತಿದ್ದರು. ಅದರ ಶಕ್ತಿ ಸಾಲದು ಎಂದು 2022ರಲ್ಲಿ ನಿಲ್ಲಿಸಿದರು. ಹೊಸ ಲಸಿಕೆಯ ಕೆಲಸ ನಡೆದಿದೆ. ಅಲ್ಲಿಯ ತನಕ ಮಲೆನಾಡಿನವರಿಗೆ ಉಳಿದದ್ದು ಕಚ್ಚಿಸಿಕೊಳ್ಳದಿರುವ ವಿದ್ಯೆಯೊಂದೇ.

ಆ ವಿದ್ಯೆ ನಾನು ಕಂಡದ್ದು ದೊಡ್ಡಮ್ಮನ ಮನೆಯ ಜಗುಲಿಯಲ್ಲಿ. ಕಾಯಿಲೆಯ ಕಾಲ ಡಿಸೆಂಬರಿನಿಂದ ಮೇ ತನಕ. ಆಗ ಉಣುಗಿನ ನಡುಪ್ರಾಯದ ಮರಿಗಳು ಕಾಡಿನಲ್ಲಿ ಏಳುತ್ತವೆ. ಮನುಷ್ಯನನ್ನು ಹೆಚ್ಚಾಗಿ ಕಚ್ಚುವುದು ಅವೇ. ಒಂದೊಂದು ರಾಗಿಕಾಳಿನಷ್ಟಿರುತ್ತದೆ. ದುರದೃಷ್ಟವೆಂದರೆ ಅದೇ ಕಾಲದಲ್ಲಿ ಎಲೆ ಉದುರುವುದು. ಕೊಟ್ಟಿಗೆಗೆ ದರಕು ಬೇಕು, ಒಲೆಗೆ ಸೌದೆ ಬೇಕು, ಅಡಕೆ ತೋಟಕ್ಕೆ ಸೊಪ್ಪು ಬೇಕು. ಕಾಡಿಗೆ ಹೋಗಬೇಡಿ ಎಂದು ಡಾಕ್ಟರು ಹೇಳುವುದು ಸುಲಭ. "ಹೋಗದಿದ್ದರೆ ದನದ ಕಾಲಡಿಗೆ ಅವರ ಕಾಗದ ಹಾಸ್ಲಾ?" ಎಂದು ದೊಡ್ಡಮ್ಮ ಕೇಳುತ್ತಾಳೆ. ಉತ್ತರ ನನಗೂ ಹೊಳೆಯಲಿಲ್ಲ.

ಹೋಗುವಾಗ ಅವಳ ವೇಷ ನೋಡಬೇಕು. ದೊಡ್ಡಪ್ಪನ ಹಳೆಯ ತುಂಬುತೋಳಿನ ಅಂಗಿ, ಸೀರೆಯ ಕೆಳಗೆ ಪ್ಯಾಂಟು, ಪ್ಯಾಂಟಿನ ತುದಿ ಕಾಲುಚೀಲದೊಳಗೆ, ತಲೆಗೆ ಬಿಗಿಯಾಗಿ ವಸ್ತ್ರ. ಕೈಕಾಲಿಗೆ ಆರೋಗ್ಯ ಕೇಂದ್ರದಿಂದ ಕೊಟ್ಟ ಎಣ್ಣೆ. ಮೊದಲು ಡಿಎಂಪಿ ಎಣ್ಣೆ ಅಂತ ಕೊಡುತ್ತಿದ್ದರು, ಈಚೆಗೆ ಡೆಪಾ ಎಣ್ಣೆ. ಬಂದ ಮೇಲೆ ನೇರ ಬಚ್ಚಲಿಗೆ. ಉಟ್ಟದ್ದೆಲ್ಲ ಕುದಿಯುವ ನೀರಿನ ಹಂಡೆಗೆ, ಮೈಗೆ ಸೋಪು ಹಾಕಿ ಬಿಸಿನೀರಿನ ಸ್ನಾನ. ಆಮೇಲೆ ದೀಪ ಹಚ್ಚುವ ಮೊದಲು, ಬೆಳಕು ಇರುವಾಗಲೇ, ಜಗುಲಿಯಲ್ಲಿ ಒಂದು ಕಾರ್ಯಕ್ರಮ. ದೊಡ್ಡಮ್ಮ ಅತ್ತಿಗೆಯ ಕತ್ತು ನೋಡುತ್ತಾಳೆ, ಅತ್ತಿಗೆ ದೊಡ್ಡಮ್ಮನ ಕಿವಿಯ ಹಿಂದೆ ನೋಡುತ್ತಾಳೆ, ಅಣ್ಣ ದೊಡ್ಡಪ್ಪನ ಬೆನ್ನಿಗೆ ಟಾರ್ಚು ಬಿಡುತ್ತಾನೆ. ಡೊಂಬಿವಲಿಯಿಂದ ಬಂದ ದೊರೆಗೂ ವಿನಾಯಿತಿ ಇಲ್ಲ. "ಅಂಗಿ ತೆಗಿ ಮಾರಾಯ, ಬೆನ್ನು ನೋಡ್ತೀನಿ. ನಾಚ್ಕೆ ಎಂತದು? ನಿನ್ನ ತೊಟ್ಟಿಲಿಗೆ ಹಾಕಿದ್ದೇ ನಾನು!"

ಮಂಗಗಳು ಮಾಡುವುದೂ ಇದೇ ಅಲ್ಲವೆ? ಯೇವೂರಿನ ಗೇಟಿನ ಹತ್ತಿರ ನೋಡಿ. ಒಂದು ಕೂತಿರುತ್ತದೆ, ಇನ್ನೊಂದು ಅದರ ಬೆನ್ನಿನ ಕೂದಲು ಬಿಡಿಸಿ ಹೆಕ್ಕುತ್ತಿರುತ್ತದೆ. ನಾವು ಹೇನು ತಿನ್ನುತ್ತದೆ ಎಂದು ನಗುತ್ತೇವೆ. ಅವು ಹೆಕ್ಕುವುದರಲ್ಲಿ ಉಣುಗೂ ಇರುತ್ತದೆ. ತನ್ನ ಬೆನ್ನು ತನಗೆ ಕಾಣದು ಎಂಬ ಸತ್ಯವನ್ನು ಒಪ್ಪಿಕೊಂಡ ಜಾತಿ ಅದು.

ರಷ್ಯದ ಕಾಡಿನಲ್ಲೂ ಇದೇ ಪಾಠ. ನಮ್ಮ ವೈರಸ್ಸಿನ ಆ ಬಂಧುವನ್ನು ಹುಡುಕಲು 1937ರಲ್ಲಿ ಲೆವ್ ಜಿಲ್ಬರ್ ಎಂಬ ವಿಜ್ಞಾನಿಯ ತಂಡ ದೇಶದ ಪೂರ್ವದಂಚಿಗೆ ಹೋಗಿತ್ತು. ಅಲ್ಲಿ ಮರ ಕಡಿಯುವವರೂ ಸೈನಿಕರೂ ಉಣುಗು ಕಚ್ಚಿ ಮಿದುಳು ಜ್ವರದಿಂದ ಸಾಯುತ್ತಿದ್ದರು. ಕಾಡಿಗೆ ಹೋದವರು ಆಗಾಗ ನಿಂತು ತಮ್ಮ ಮೈ ತಾವು ನೋಡಿಕೊಳ್ಳಬೇಕು, ಒಬ್ಬರ ಮೈ ಇನ್ನೊಬ್ಬರು ನೋಡಬೇಕು ಎಂದು ಆ ದೇಶದ ಆರೋಗ್ಯ ಸೂಚನೆಗಳಲ್ಲೇ ಇದೆ. ದೊಡ್ಡಮ್ಮ ರಷ್ಯದ ಹೆಸರು ಕೇಳಿದ್ದಾಳೋ ಇಲ್ಲವೋ, ಅವಳ ಜಗುಲಿಯೂ ಅದನ್ನೇ ಕಲಿತಿದೆ.

ಈಗ ಹೇಳಬೇಕಾದ್ದನ್ನು ಹೇಳುತ್ತೇನೆ. 2019ರ ಆರಂಭದಲ್ಲಿ ನಮ್ಮ ಸಾಗರ ತಾಲೂಕಿನ ಅರಲಗೋಡು ಸುತ್ತಿನಲ್ಲಿ ಈ ಕಾಯಿಲೆ ಹಲವು ಜೀವ ತೆಗೆದದ್ದನ್ನು ಪತ್ರಿಕೆಯಲ್ಲಿ ನೀವೂ ಓದಿರಬಹುದು. ಅದಾದ ಮೇಲಿನ ಒಂದು ಬೇಸಿಗೆಯಲ್ಲಿ ದೊಡ್ಡಮ್ಮನ ಮನೆಯ ಕೆಳಗಿನ ಮನೆಯ ಅಜ್ಜಿ ಹೋದರು. ಗಂಡ ತೀರಿ ಎಷ್ಟೋ ಕಾಲವಾಗಿತ್ತು. ಒಬ್ಬ ಮಗ ಬೆಂಗಳೂರು, ಇನ್ನೊಬ್ಬ ನಮ್ಮ ಕಡೆಯೇ, ನವಿ ಮುಂಬಯಿ. ಎರಡು ದನ ಕಟ್ಟಿಕೊಂಡು, ದರಕು ತಾವೇ ಗುಡಿಸಿ ತಂದು ಬದುಕುತ್ತಿದ್ದರು. ಎಣ್ಣೆಯ ಬಾಟಲಿ ಗೂಡಿನಲ್ಲಿತ್ತು. ಅವರು ಹಚ್ಚಿಕೊಳ್ಳುತ್ತಿದ್ದರು ಕೂಡ, ಕೈ ಎಟಕುವಷ್ಟಕ್ಕೆ. ಜ್ವರ ಬಂದ ಮೂರು ದಿನ ಯಾರಿಗೂ ತಿಳಿಯಲಿಲ್ಲ. ದನ ಕೂಗುವುದು ಕೇಳಿ ದೊಡ್ಡಮ್ಮ ಇಳಿದು ಹೋಗಿ ನೋಡಿದಳು. ಆಸ್ಪತ್ರೆಗೆ ಸೇರಿಸಿದ್ದು ಐದನೆಯ ದಿನ. ಉಣುಗು ಕಚ್ಚಿದ್ದು ಬೆನ್ನಿಗೋ ಕಾಲಿಗೋ ಯಾರು ಬಲ್ಲರು? ದೊಡ್ಡಮ್ಮ ಮಾತ್ರ ಒಂದೇ ಮಾತು ಹೇಳುತ್ತಿದ್ದಳು: "ಸಂಜೆ ಮೇಲೆ ಹತ್ತಿ ಬಂದಿದ್ರೆ ನಾನೇ ನೋಡ್ತಿದ್ದೆ."

ಮಲೆನಾಡಿನ ಮನೆಗಳಲ್ಲಿ ಜನ ಕಡಿಮೆಯಾಗಿದ್ದಾರೆ. ಬೆನ್ನು ನೋಡಬೇಕಾದ ಕಣ್ಣುಗಳೆಲ್ಲ ಡೊಂಬಿವಲಿಯ ಲೋಕಲ್ ಹಿಡಿಯಲು ಬಂದಿವೆ. ಇದು ಯಾರ ತಪ್ಪೂ ಅಲ್ಲ. ನಮ್ಮಪ್ಪ ಇಲ್ಲಿಗೆ ಬಾರದಿದ್ದರೆ ನಾನು ಕಾಲೇಜು ಕಾಣುತ್ತಿರಲಿಲ್ಲ. ಆದರೆ ಊರಿಗೆ ಕಳಿಸುವ ಹಣದಿಂದ ಎಣ್ಣೆಯ ಬಾಟಲಿ ಬರುತ್ತದೆ, ಬೆನ್ನಿಗೆ ಹಚ್ಚುವ ಕೈ ಬರುವುದಿಲ್ಲ. ಇದೊಂದು ಲೆಕ್ಕ ನಮ್ಮ ಮನಿಯಾರ್ಡರಿನ ಕಾಲದಿಂದಲೂ ಬಿಟ್ಟೇ ಹೋಗಿದೆ.

ಇನ್ನು ಈ ಕಡೆಯ ಮಾತು. ಠಾಣೆಯ ಗುಡ್ಡಗಳಲ್ಲಿ ಮಂಗನ ಕಾಯಿಲೆ ಇದೆ ಎಂದು ಹೆದರಿಸಲು ನಾನು ಬರೆಯುತ್ತಿಲ್ಲ. ಮಹಾರಾಷ್ಟ್ರದಲ್ಲಿ ಅದು 2016ರಲ್ಲಿ ಕಾಣಿಸಿಕೊಂಡದ್ದು ದೂರದ ಸಿಂಧುದುರ್ಗದ ದೋಡಾಮಾರ್ಗದಲ್ಲಿ. ಅದಕ್ಕೆ ಮುಂಚಿನ ವರ್ಷ ಗೋವೆಯ ಸತ್ತರಿಯಲ್ಲಿ. ಆದರೆ ಉಣುಗು ಹೊರುವ ಸರಕು ಅದೊಂದೇ ಅಲ್ಲ. ಉಣುಗಿನ ಟೈಫಸ್ ಎಂಬ ಜ್ವರವಿದೆ. ನಾಯಿಯ ಉಣುಗಿನಿಂದಲೂ ಬರಬಹುದು. ಜ್ವರದ ಜೊತೆಗೆ ಅಂಗೈ ಅಂಗಾಲಿನಲ್ಲೂ ಕೆಂಪು ಗುಳ್ಳೆ ಏಳುತ್ತದೆ. ಡಾಕ್ಸಿಸೈಕ್ಲಿನ್ ಎಂಬ ಹಳೆಯ, ಅಗ್ಗದ ಮಾತ್ರೆಗೆ ಬಗ್ಗುತ್ತದೆ, ಡಾಕ್ಟರಿಗೆ ಹೊಳೆಯಬೇಕಷ್ಟೆ. ಡೊಂಬಿವಲಿಯಲ್ಲಿ ಜ್ವರ ಎಂದರೆ ಮೊದಲು ಡೆಂಗ್ಯೂ, ಆಮೇಲೆ ಮಲೇರಿಯಾ. "ಹೋದ ವಾರ ಗುಡ್ಡಕ್ಕೆ ಹೋಗಿದ್ದೆ, ಉಣುಗು ಕಚ್ಚಿತ್ತು" ಎಂದು ನಾವೇ ಬಾಯಿಬಿಟ್ಟು ಹೇಳಬೇಕು. ಅದನ್ನು ಯಾವ ರಕ್ತಪರೀಕ್ಷೆಯೂ ತಾನಾಗಿ ಹೇಳುವುದಿಲ್ಲ.

ನಮ್ಮ ಗೆಳೆಯರ ಗುಂಪಿನಲ್ಲಿ ಈಗ ಕೆಲವು ಕಟ್ಟಳೆ ಮಾಡಿಕೊಂಡಿದ್ದೇವೆ. ಗುಡ್ಡಕ್ಕೆ ಚಡ್ಡಿ ಕೂಡದು. ತುಂಬುತೋಳು, ಉದ್ದ ಪ್ಯಾಂಟು, ತುದಿ ಕಾಲುಚೀಲದೊಳಗೆ. ಬಟ್ಟೆ ತಿಳಿಬಣ್ಣದ್ದಾದರೆ ಹತ್ತುವ ಉಣುಗು ಕಾಣುತ್ತದೆ. ಕಾಣುವ ಚರ್ಮಕ್ಕೆ ಡೀಟ್ ಇರುವ ಮುಲಾಮು, ಡಬ್ಬಿಯ ಮೇಲೆ ಬರೆದಷ್ಟು ಮಾತ್ರ. ದಾರಿಯ ನಡುವೆ ನಡೆಯುವುದು, ಅಂಚಿನ ಹುಲ್ಲಿಗೆ ಮೈ ಉಜ್ಜದಿರುವುದು. ಕೂರುವುದಾದರೆ ಬಂಡೆಯ ಮೇಲೆ, ಒಣಗೆಲೆಯ ಮೇಲಲ್ಲ. ಮೊದಮೊದಲು ಕಾಲುಚೀಲದೊಳಗೆ ಪ್ಯಾಂಟು ತುರುಕಿದ ನಮ್ಮನ್ನು ನೋಡಿ ಠಾಣೆಯ ರಿಕ್ಷಾದವರು "ಕ್ರಿಕೆಟ್ ಕಾ?" ಎಂದು ಕೇಳುತ್ತಿದ್ದರು. ಈಗ ಅವರಿಗೂ ರೂಢಿಯಾಗಿದೆ.

ಕಚ್ಚಿಕೊಂಡದ್ದು ಕಂಡರೆ ಗಾಬರಿ ಬೇಡ. ಬೀಡಿ ಸುಡುವುದು, ಸೀಮೆಎಣ್ಣೆ, ಸುಣ್ಣ, ಹೊಗೆಸೊಪ್ಪಿನ ರಸ, ಇವೆಲ್ಲ ಮಲೆನಾಡಿನ ಹಳೆಯ ಮದ್ದು. ಆದರೆ ಕೆಣಕಿದರೆ ಉಣುಗು ಹೊಟ್ಟೆಯಲ್ಲಿದ್ದದ್ದನ್ನು ನಮ್ಮ ಮೈಯೊಳಗೇ ಕಕ್ಕಬಹುದು. ಸಣ್ಣ ಮೂತಿಯ ಚಿಮುಟದಿಂದ ಚರ್ಮಕ್ಕೆ ತಾಗಿದಂತೆ, ತಲೆಯ ಹತ್ತಿರ ಹಿಡಿದು, ತಿರುಚದೆ ನೇರ ಮೇಲಕ್ಕೆ ಎಳೆಯಬೇಕು. ಉಗುರಿನಿಂದ ಕುಕ್ಕಬಾರದು. ಜಾಗವನ್ನೂ ಕೈಯನ್ನೂ ಸೋಪಿನಲ್ಲಿ ತೊಳೆಯಬೇಕು. ಕ್ಯಾಲೆಂಡರಿನಲ್ಲಿ ಆ ತಾರೀಖಿಗೆ ಒಂದು ಗುರುತು. ಎರಡು ವಾರದೊಳಗೆ ಜ್ವರ ಬಂದರೆ ಆ ಗುರುತು ಸಮೇತ ಡಾಕ್ಟರ ಹತ್ತಿರ.

ಇವೆಲ್ಲ ಒಬ್ಬರೇ ಮಾಡಬಹುದಾದವು. ಕಡೆಯ ಕಟ್ಟಳೆ ಹಾಗಲ್ಲ. ಠಾಣೆ ಸ್ಟೇಷನ್ನಿನಲ್ಲಿ ಗುಂಪು ಒಡೆಯುತ್ತದೆ: ಕೆಲವರು ಕಲ್ಯಾಣದ ಗಾಡಿಗೆ, ಕೆಲವರು ವಾಶಿಯ ಗಾಡಿಗೆ. ಒಡೆಯುವ ಮುಂಚೆ ಹುಡುಗರು ಹುಡುಗರ, ಹುಡುಗಿಯರು ಹುಡುಗಿಯರ ಕತ್ತು, ಕಿವಿ, ಕಾಲರಿನ ಒಳಗು ನೋಡಬೇಕು. ಉಳಿದದ್ದು ಮನೆಯಲ್ಲಿ. ಮನೆಯಿದ್ದವರು ಅಮ್ಮನಿಗೋ ತಮ್ಮನಿಗೋ ಬೆನ್ನು ಕೊಡಬೇಕು. ಹಾಸ್ಟೆಲಿನವರು ಕೋಣೆಯ ಗೆಳೆಯನಿಗೆ. ಇಂಜಿನಿಯರಿಂಗ್ ಓದುವ ನಮ್ಮ ಗೆಳೆಯನೊಬ್ಬ ಎರಡು ಕನ್ನಡಿ ಇಟ್ಟು ತಾನೇ ನೋಡಿಕೊಳ್ಳುತ್ತೇನೆ ಎಂದು ವಾದಿಸಿದ. ರಾಗಿಕಾಳನ್ನು ಎರಡು ಕನ್ನಡಿಯಲ್ಲಿ ಹುಡುಕಲು ಹೊರಟು ಕತ್ತು ಉಳುಕಿಸಿಕೊಂಡ. ಈಗ ತಂಗಿಗೆ ಐಸ್‌ಕ್ರೀಂ ಲಂಚ ಕೊಟ್ಟು ನೋಡಿಸಿಕೊಳ್ಳುತ್ತಾನೆ.

ನಮ್ಮ ಮಂಡಳದ ಓದುಗರಲ್ಲಿ ಸಾಗರ, ಸೊರಬ, ತೀರ್ಥಹಳ್ಳಿ, ಸಿದ್ದಾಪುರ, ಹೊನ್ನಾವರದ ಕಡೆಯವರು ಎಷ್ಟೋ ಜನ ಇದ್ದೀರಿ. ಡಿಸೆಂಬರು ಬಂದಾಗ ಊರಿಗೆ ಫೋನು ಹಚ್ಚಿ ಅಡಕೆಯ ಧಾರಣೆ ಕೇಳುವ ಜೊತೆಗೆ ಇನ್ನೆರಡು ಮಾತು ಕೇಳಿ. ಎಣ್ಣೆ ಬಂದಿದೆಯಾ? ಸಂಜೆ ಮೈ ನೋಡುವವರು ಯಾರಿದ್ದಾರೆ? ರಜೆಗೆ ಹೋದಾಗ ಮೊಬೈಲು ಬದಿಗಿಟ್ಟು ಬೆಳಕಿರುವಾಗ ಅರ್ಧ ಗಂಟೆ ಜಗುಲಿಯಲ್ಲಿ ಕೂತು ಹಿರಿಯರ ಕತ್ತು, ಬೆನ್ನು, ಕಿವಿಯ ಹಿಂದೆ ನೋಡಿ. ಕೆಳಗಿನ ಮನೆಯಲ್ಲಿ ಒಬ್ಬರೇ ಇದ್ದರೆ ಅವರನ್ನೂ ಕೂಗಿ ಕರೆಯಿರಿ. ಬರಲು ನಾಚಿದರೆ ಚಾ ಕುಡಿಯುವ ನೆಪ ಹೇಳಿ.